ನಿದ್ದೆಗೆಟ್ಟ ಮಗ ಕಲ್ಲುಹೃದಯದವನೇ?

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರೂ ನಿಮ್ಮ 15 ವರ್ಷದ ಮಗ ಕುಳಿತಲ್ಲಿಂದ ಏಳಲಿಲ್ಲ. ರಾತ್ರಿ ಒಂದೂವರೆಗೆ ಮಲಗಿ ಐದಕ್ಕೆ ಟ್ಯೂಷನ್‌ಗೆ ಏಳುತ್ತಾನೆ. ನಿದ್ದೆಗೇಡಿನಿಂದಲೇ ಮನಸ್ಸು ಕಲ್ಲಾಯಿತೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಆದರೆ ಇದೇ ದಿಗಿಲನ್ನು ನಾನೂ ಪಟ್ಟಿದ್ದೇನೆ.

ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ತಮ್ಮನಿಗೆ ಜ್ವರ ಬಂದು ರಾತ್ರಿಯಿಡೀ ನರಳುತ್ತಿದ್ದ. 'ಅವನನ್ನು ಸುಮ್ಮನಿರಿಸಿ, ನನಗೆ ಓದಬೇಕು' ಎಂದು ಕಿರುಚಿ ಬಾಗಿಲು ಹಾಕಿಕೊಂಡಳು. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತೇಬಿಟ್ಟೆ. ಮಾರನೆಯ ದಿನ ಭಾನುವಾರ. ನಾನು ಎಬ್ಬಿಸಲಿಲ್ಲ. ಹತ್ತೂವರೆಗೆ ಎದ್ದು ಬಂದವಳು ಮುಖವನ್ನೂ ತೊಳೆಯದೆ ತಮ್ಮನ ಪಕ್ಕ ಕುಳಿತು ಹಣೆಯ ಬಟ್ಟೆ ಬದಲಿಸತೊಡಗಿದಳು. ಕಣ್ಣು ತುಂಬಿತ್ತು. ನಾವಿಬ್ಬರೂ ಏನೂ ಮಾತನಾಡಲಿಲ್ಲ.

ನಿದ್ದೆಗೆಟ್ಟ ಮಿದುಳಿನ ಬಗ್ಗೆ ಆಮೇಲೆ ಓದಿದೆ. 2007ರ ಒಂದು ಪ್ರಯೋಗದಲ್ಲಿ ಒಂದು ರಾತ್ರಿ ನಿದ್ದೆ ಬಿಟ್ಟವರಿಗೆ ಅಹಿತಕರ ಚಿತ್ರಗಳನ್ನು ತೋರಿಸಿದಾಗ, ಮಿದುಳಿನಲ್ಲಿ ಭಾವನೆ ಕೆರಳಿಸುವ ಅಮಿಗ್ಡಲಾ ಎಂಬ ಭಾಗ ಸುಮಾರು 60 ಪ್ರತಿಶತ ಹೆಚ್ಚು ಸ್ಪಂದಿಸಿತು. ಅದಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗದೊಡನೆ ಸಂಪರ್ಕ ಸಡಿಲಗೊಂಡಿತ್ತು. 2022ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದನ್ನು ಕಂಡರು: ನಿದ್ದೆ ಕಡಿಮೆಯಾದರೆ ಇನ್ನೊಬ್ಬರಿಗೆ ನೆರವಾಗುವ ಮನಸ್ಸೇ ಕುಗ್ಗುತ್ತದೆ. ಹದಿಹರೆಯದಲ್ಲಿ ನಿದ್ದೆಯ ಹೊತ್ತಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಹಾರ್ಮೋನು ಸ್ರವಿಸುವ ಹೊತ್ತು ತಡವಾಗುವುದರಿಂದ ಹತ್ತಕ್ಕೇ ಮಲಗು ಎಂದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿಮ್ಮ ಮಗನಿಗೆ ಸಿಗುತ್ತಿರುವುದು ಮೂರೂವರೆ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ವೈದ್ಯರು ಹೇಳುವ ನಿರ್ಭಾವುಕತೆ ಬೇರೆ. ತಪ್ಪು ಮಾಡಿ ಪಶ್ಚಾತ್ತಾಪ ಇಲ್ಲದಿರುವುದು, ಇತರರ ನೋವು ತಟ್ಟದಿರುವುದು, ಓದು ಕೆಲಸ ಕೆಟ್ಟರೂ ಚಿಂತೆಯಿಲ್ಲದಿರುವುದು, ಭಾವನೆಗಳೇ ಮೇಲುಮೇಲಿನವಾಗಿರುವುದು: ಇವುಗಳಲ್ಲಿ ಎರಡಾದರೂ ಕನಿಷ್ಠ ಒಂದು ವರ್ಷ, ಮನೆಯಲ್ಲೂ ಹೊರಗೂ, ಹಲವರೊಡನೆ ಕಾಣಬೇಕು. ನಿದ್ದೆಗೇಡು ಹುಡುಗರನ್ನು ಸಿಡುಕರನ್ನಾಗಿಸುತ್ತದೆ, ಅದು ಕಾವು. ನಿರ್ಭಾವುಕತೆ ತಣ್ಣಗಿನದು. ಇವೆರಡೂ ಒಬ್ಬನಲ್ಲೇ ಇರಬಹುದು, ಆದರೆ ಒಂದರಿಂದಲೇ ಇನ್ನೊಂದು ಹುಟ್ಟಿತು ಎಂದು ಹೇಳಲು ಬರುವುದಿಲ್ಲ.

ನಾನಾಗಿದ್ದರೆ ಬೆಳಗಿನ ಟ್ಯೂಷನ್ನನ್ನು ಎರಡು ವಾರ ಬಿಡಿಸುತ್ತಿದ್ದೆ. ಮೊಬೈಲನ್ನು ರಾತ್ರಿ ನಡುಮನೆಯಲ್ಲೇ ಚಾರ್ಜಿಗೆ ಹಾಕಿಸುತ್ತಿದ್ದೆ, ನನ್ನದನ್ನೂ ಸೇರಿಸಿ. ನಿದ್ದೆ ತೀರಿದ ಮೇಲೂ ಯಾರ ನೋವೂ ಅವನನ್ನು ತಟ್ಟದಿದ್ದರೆ, ಪ್ರಾಣಿಗಳನ್ನೋ ಚಿಕ್ಕವರನ್ನೋ ಹಿಂಸಿಸುತ್ತಿದ್ದರೆ ಮಕ್ಕಳ ಮನೋವೈದ್ಯರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೇ ವಿಭಾಗವಿದೆ. ದೂರದ ಊರಿನವರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಒಂದು ವಿಷಯ ನೀವು ಬರೆದಿಲ್ಲ. ಅಜ್ಜಿ ಬಿದ್ದ ಮಾರನೆಯ ದಿನವೋ ಆಮೇಲೋ, ನೋವು ಹೇಗಿದೆ ಎಂದು ಅವನು ಒಮ್ಮೆಯಾದರೂ ಅವರನ್ನು ಕೇಳಿದನೇ?