ಅಕ್ಕನಲ್ಲಿ ಕೇಳಿ: ಕೊಟ್ಟಿಗೆಯ ಸೈಕಲ್ ಶಾಲೆಗೆ ಹೋಗಲಿ

ಈ ಸಲ ನಾಲ್ಕು ಪತ್ರಗಳು ಒಂದೇ ವಿಷಯದ ಮೇಲೆ ಬಂದಿವೆ. ಹಳೆ ಸೈಕಲ್ ರಿಪೇರಿ ಮಾಡಿ ಕಷ್ಟದಲ್ಲಿರುವ ಮಕ್ಕಳಿಗೆ ಕೊಡುವುದು. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಉತ್ತರ ಸಿಗಲಿ ಅಂತ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಅಕ್ಕಾ, ಮಗನ ಸೈಕಲ್ ಎರಡು ಮಳೆಗಾಲ ಕೊಟ್ಟಿಗೆಯ ಬದಿಯಲ್ಲಿ ನೆನೆದಿದೆ. ಗುಜರಿಗೆ ಹಾಕುವುದಾ, ಸಂಘಕ್ಕೆ ಕೊಡುವುದಾ? ಕೊಟ್ಟರೆ ಟ್ಯಾಕ್ಸ್‌ನಲ್ಲಿ ರಿಯಾಯಿತಿ ಉಂಟಾ? – ಓದುಗರು, ಕುಂಬಳೆ

ಕೊಡಿ. ಟೈರ್, ಟ್ಯೂಬ್, ಚೈನ್ ಹೋಗಿದ್ದರೆ ಚಿಂತೆ ಬೇಡ, ಅವೆಲ್ಲ ಬದಲಾಯಿಸುವ ಸಾಮಾನು. ನೋಡಬೇಕಾದದ್ದು ಫ್ರೇಮ್. ಕಡಲ ಹತ್ತಿರದ ಊರು ನಿಮ್ಮದು, ಉಪ್ಪು ಗಾಳಿಗೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಹ್ಯಾಂಡಲಿನ ಕೆಳಗೆ ಮತ್ತು ಪೆಡಲಿನ ಹತ್ತಿರ ವೆಲ್ಡಿಂಗ್ ಇರುವ ಜಾಗವನ್ನು ಚೆನ್ನಾಗಿ ಒರೆಸಿ ನೋಡಿ. ಬಿರುಕು ಕಂಡರೆ, ಅಥವಾ ಸ್ಕ್ರೂಡ್ರೈವರ್ ಒತ್ತಿದಾಗ ತುಕ್ಕು ಉದುರಿ ತೂತಾದರೆ, 'ಬಿಡಿಭಾಗಕ್ಕೆ ಮಾತ್ರ' ಅಂತ ಚೀಟಿ ಅಂಟಿಸಿ ಕೊಡಿ. ಅದರ ರಿಮ್, ಸೀಟು, ಬೆಲ್ ಇನ್ನೊಂದು ಸೈಕಲಿಗೆ ಆಗುತ್ತವೆ.

ರಿಯಾಯಿತಿ ಇಲ್ಲ. ಆದಾಯ ತೆರಿಗೆಯಲ್ಲಿ ಹಣದ ದಾನಕ್ಕೆ ಮಾತ್ರ ರಿಯಾಯಿತಿ, ವಸ್ತುವಿಗೆ ಸಿಗುವುದಿಲ್ಲ. ಹಣವಾದರೂ ನಗದಾಗಿ 2000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲ.

ಅಕ್ಕಾ, ನಮ್ಮ ಕ್ಲಬ್ಬಿನವರು ಮನೆಮನೆಯಿಂದ ಹಳೆ ಸೈಕಲ್ ತಂದು ರಾಶಿ ಹಾಕಿದ್ದೇವೆ. ಪೈಂಟ್ ಹೊಡೆದು ಸ್ಟೇಜಿನ ಮೇಲೆ ಕೊಡೋಣ ಅಂತ ಕೆಲವರು, ಯಾರಿಗೆ ಕೊಡುವುದು ಅಂತ ಜಗಳ ಮಾಡುವವರು ಕೆಲವರು. ನೀವೇನು ಹೇಳುತ್ತೀರಿ? – ಕ್ಲಬ್ಬಿನ ಕಾರ್ಯದರ್ಶಿ, ನೀರ್ಚಾಲು

ಪೈಂಟ್ ಕಡೆಗೆ ಇರಲಿ. ಮೊದಲು ಬ್ರೇಕ್.

ಇದನ್ನು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ತುಂಬಾ ವರ್ಷದ ಹಿಂದೆ ನಾನೂ ಇದ್ದ ಒಂದು ಕೂಟ ಬೇಸಿಗೆಯಲ್ಲಿ ಹೀಗೆ ಸೈಕಲ್ ಕೊಟ್ಟಿತ್ತು. ಪೈಂಟ್ ಹೊಸದು, ಬ್ರೇಕಿನ ರಬ್ಬರ್ ಹಳೆಯದು. ಮೊದಲ ಮಳೆಗೆ ಒಬ್ಬ ಹುಡುಗ ಇಳಿಜಾರಿನಲ್ಲಿ ನಿಲ್ಲಿಸಲಾಗದೆ ತೋಡಿಗೆ ಬಿದ್ದು ಕೈ ಮುರಿದುಕೊಂಡ. ನಾವು ನೋಡಲು ಹೋದಾಗ ಅವನ ಅಮ್ಮ ಬೈಯಲೇ ಇಲ್ಲ. "ಪುಕ್ಕಟೆ ಕೊಟ್ಟದ್ದಲ್ವಾ" ಅಂದರು ಅಷ್ಟೆ. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಪುಕ್ಕಟೆ ಸಿಕ್ಕಿದ್ದು ಹೀಗೇ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು, ಹಾಗೆ ಅಂದುಕೊಳ್ಳುವಂತೆ ಮಾಡಿದವರು ನಾವು.

ನಮ್ಮ ಕಡೆಯ ರಸ್ತೆ ನಿಮಗೇ ಗೊತ್ತು. ಒಂದು ಗುಡ್ಡೆ ಹತ್ತಿದರೆ ಇನ್ನೊಂದು ಗುಡ್ಡೆ ಇಳಿಯಬೇಕು, ನಡುವೆ ಒಂದು ತೋಡು, ಮಳೆಗಾಲದಲ್ಲಿ ತಿರುವಿನಲ್ಲೆಲ್ಲ ಪಾಚಿ. ಹಳೆ ಸೈಕಲ್‌ಗಳಲ್ಲಿ ಜಾಸ್ತಿ ಸ್ಟೀಲ್ ರಿಮ್ ಇರುತ್ತದೆ, ಅದು ಒದ್ದೆಯಾದರೆ ಬ್ರೇಕ್ ಸರಿಯಾಗಿ ಹಿಡಿಯುವುದೇ ಇಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಹೊಸ ರಬ್ಬರ್, ಹೊಸ ಬ್ರೇಕ್ ಕೇಬಲ್ ಹಾಕಿಸಿ. ರಿಮ್ಮಿನ ಬೆಂಡ್ ತೆಗೆಸಿ, ಯಾಕೆಂದರೆ ಚಕ್ರ ಅಲ್ಲಾಡಿದರೆ ಬ್ರೇಕ್ ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಆಮೇಲೆ ನಿಮ್ಮಲ್ಲೇ ಒಬ್ಬರು ಚಕ್ರಕ್ಕೆ ನೀರು ಸುರಿದು, ಸಣ್ಣ ಇಳಿಜಾರಿನಲ್ಲಿ ಓಡಿಸಿ ನಿಲ್ಲಿಸಿ ನೋಡಬೇಕು. ನಿಲ್ಲದ ಸೈಕಲ್ ವಾಪಸು ರಿಪೇರಿಗೆ. ಮಕ್ಕಳಿಗೂ ಹೇಳಿಕೊಡಿ: ಮಳೆಯಲ್ಲಿ ಇಳಿಯುವ ಮೊದಲೇ ಎರಡೂ ಬ್ರೇಕ್ ಹಗುರವಾಗಿ ಹಿಡಿದುಕೊಂಡೇ ಹೋಗಬೇಕು, ರಬ್ಬರ್ ರಿಮ್ಮಿನ ನೀರನ್ನು ಒರೆಸಿದ ಮೇಲೇ ಅದು ಹಿಡಿಯುವುದು.

ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟ ಟೈರನ್ನು ಇನ್ನೊಂದು ವರ್ಷ ಬರಲಿ ಅಂತ ಬಿಡಬೇಡಿ. ಗೇರ್ ಇಲ್ಲದ ಸೈಕಲಿಗೆ ಹಿಂದಿನ ಚಕ್ರದ 18 ಹಲ್ಲಿನ ಫ್ರೀವೀಲ್ (ಚೈನ್ ಕೂರುವ ಹಲ್ಲಿನ ಚಕ್ರ) ತೆಗೆದು 20 ಹಲ್ಲಿನದ್ದು ಹಾಕಿಸಿದರೆ ಏರು ಹತ್ತುವುದು ಸ್ವಲ್ಪ ಸುಲಭ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ, ಜುಲೈ ತಿಂಗಳಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುವ ದಿನಗಳು ಇರುತ್ತವೆ.

ಇನ್ನು ಯಾರಿಗೆ? ಮನೆ ಶಾಲೆಯಿಂದ ಎಷ್ಟು ದೂರ ಅಂತ ನೋಡಿ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಸರ್ಕಾರ ಹಣ ಕೊಡಲು ಶುರು ಮಾಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಲೆಕ್ಕ ಹಾಕಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು. ಹೈಸ್ಕೂಲಿನಿಂದ 3 ಕಿ.ಮೀ.ಗಿಂತ ದೂರ ಇದ್ದ ಹಳ್ಳಿಗಳಲ್ಲೇ ಲಾಭ ಜಾಸ್ತಿ. ಗಡಿಯಾಚೆ ಕರ್ನಾಟಕದಲ್ಲೂ 2006-07ರಲ್ಲಿ ಎಂಟನೇ ತರಗತಿಯವರಿಗೆ ಸರ್ಕಾರಿ ಸೈಕಲ್ ಶುರುವಾಯಿತು, ಆದರೆ ಇಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಕೇರಳದವರು, ಅವರಿಗೆ ಅದು ಸಿಗಲಿಲ್ಲ. ನಿಮ್ಮಂಥವರ ಕೆಲಸಕ್ಕೆ ಇಲ್ಲಿ ಅಷ್ಟು ಬೆಲೆ ಇರುವುದು ಅದಕ್ಕೇ. ಬಸ್ಸಿನ ರಸ್ತೆಯ ಬದಿಯಲ್ಲೇ ಮನೆ ಇರುವ ಮಗುವಿಗಿಂತ ಒಳಗಿನ ಗುಡ್ಡೆಯಿಂದ ನಡೆದು ಬರುವ ಮಗು ಮೊದಲು. ಹೆಸರು ಯಾರದ್ದೆಂದು ಕ್ಲಾಸ್ ಟೀಚರಲ್ಲಿ ಕೇಳಿ, ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರಲ್ಲಿ ಕೇಳಿ, ಅವರಿಗೆ ಯಾವ ಮನೆಯಲ್ಲಿ ಏನು ಕಷ್ಟ ಅಂತ ಗೊತ್ತಿರುತ್ತದೆ. ಜಗಳಕ್ಕೆ ಜಾಗವೇ ಇರುವುದಿಲ್ಲ.

ಅಳತೆಯೂ ಮುಖ್ಯ. ಬೆಳೆಯುವ ಮಗು ಅಂತ ದೊಡ್ಡದು ಕೊಡಬೇಡಿ. ಸೀಟಿನಲ್ಲಿ ಕೂತಾಗ ಎರಡೂ ಕಾಲಿನ ಬೆರಳು ನೆಲಕ್ಕೆ ತಾಗಬೇಕು. ಸೀಟಿನ ಕಂಬದಲ್ಲಿ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎತ್ತಿದರೆ ಕಂಬ ಮುರಿಯಬಹುದು. ಕೊಟ್ಟವರಿಂದ ಒಂದು ಸಾಲಿನ ಕಾಗದ ಬರೆಸಿಕೊಂಡು, ಫ್ರೇಮಿನ ನಂಬರನ್ನು ಪುಸ್ತಕದಲ್ಲಿ ಬರೆದಿಡಿ. ಕದ್ದ ಸೈಕಲ್ ಅಂತ ನಾಳೆ ಆ ಮಗುವನ್ನು ಯಾರೂ ನಿಲ್ಲಿಸಿ ಕೇಳಬಾರದು.

ಸ್ಟೇಜು ಬೇಡ. ಫೋಟೋವೂ ಬೇಡ. ಆ ಹಣವನ್ನು ಆಗಸ್ಟಿನಲ್ಲಿ ಒಂದು ಭಾನುವಾರ ಎಲ್ಲ ಮಕ್ಕಳನ್ನೂ ಸೈಕಲ್ ಸಮೇತ ಕರೆದು ಚೈನಿಗೆ ಎಣ್ಣೆ ಹಾಕಿ, ಬ್ರೇಕ್ ಬಿಗಿ ಮಾಡಿ ಕೊಡುವುದಕ್ಕೆ ಇಟ್ಟುಕೊಳ್ಳಿ. ಮಳೆಗಾಲ ಅರ್ಧ ಮುಗಿಯುವಷ್ಟರಲ್ಲಿ ಎಷ್ಟು ಸೈಕಲ್ ಪಂಕ್ಚರ್ ಆಗಿ ಗೋಡೆಗೆ ಒರಗಿವೆ ಅಂತ ಆವತ್ತು ತಿಳಿಯುತ್ತದೆ.

ಅಕ್ಕಾ, ನನ್ನ ಮಗಳು ಒಂಬತ್ತನೇ ಕ್ಲಾಸು. ಸಂಘದವರು ಸೈಕಲ್ ಕೊಡುತ್ತೇವೆ ಅಂದರು. ನಮಗೆ ಬೇಕು. ಆದರೆ "ದಾನದ ಸೈಕಲ್ ಅಂತ ಎಲ್ಲರೂ ನೋಡುತ್ತಾರೆ" ಅಂತ ಅವಳು ಅಳುತ್ತಾಳೆ. – ಒಬ್ಬ ತಾಯಿ, ಮುಳ್ಳೇರಿಯ

ಅವಳಿಗೆ ಬೈಯಬೇಡಿ ಅಮ್ಮಾ. ಆ ವಯಸ್ಸಿನಲ್ಲಿ ಅದು ನಿಜವಾದ ನೋವು. ಸಂಘದವರಲ್ಲಿ ಎರಡು ಮಾತು ಕೇಳಿ: ಸೈಕಲಿನ ಮೇಲೆ ಸಂಘದ ಹೆಸರು ಬರೆಯಬಾರದು, ಮನೆಗೇ ತಂದು ಕೊಡಬೇಕು. ಒಳ್ಳೆಯವರಾದರೆ ಒಪ್ಪುತ್ತಾರೆ. ಆಗುವುದಾದರೆ ರಿಪೇರಿಯ ದಿನ ಮಗಳನ್ನೂ ಕಳಿಸಿ. ಪಂಕ್ಚರ್ ಹಾಕುವುದು, ಚೈನ್ ಕೂರಿಸುವುದು ಕಲಿಯಲಿ. ತಾನೇ ಬಿಚ್ಚಿ ಜೋಡಿಸಿದ ಸೈಕಲ್ ತನ್ನದೇ ಆಗುತ್ತದೆ. ಅಷ್ಟಾದ ಮೇಲೂ ಬೇಡ ಅಂದರೆ ಈ ವರ್ಷ ಬಿಡಿ. ಮುಂದಿನ ವರ್ಷ ಅವಳೇ ಕೇಳಬಹುದು.

ಅಕ್ಕಾ, ನನ್ನದು ಸಣ್ಣ ಸೈಕಲ್ ಅಂಗಡಿ. ಸಂಘದವರು ಎಲ್ಲ ಸೈಕಲನ್ನೂ ಫ್ರೀಯಾಗಿ ಮಾಡಿಕೊಡಿ ಅನ್ನುತ್ತಾರೆ. ಮಕ್ಕಳ ವಿಷಯ, ಇಲ್ಲ ಅನ್ನಲು ಮನಸ್ಸಾಗುವುದಿಲ್ಲ. ಆದರೆ ಒಂದು ಸೈಕಲಿಗೆ ಅರ್ಧ ದಿನ ಹೋಗುತ್ತದೆ. – ಓದುಗರು, ಉಪ್ಪಳ

ಕೂಲಿ ಕೇಳಿ ಅಣ್ಣಾ. ಸಂಕೋಚ ಬೇಡ. ಬಿಡಿಭಾಗದ ದುಡ್ಡು ಪೂರ್ತಿ ಸಂಘದ್ದು, ಕೂಲಿಯಲ್ಲಿ ನಿಮಗೆ ಆದಷ್ಟು ಕಡಿಮೆ ಮಾಡಿಕೊಳ್ಳಿ. ಅವಸರದಲ್ಲಿ ಫ್ರೀಯಾಗಿ ಮಾಡಿದ ಬ್ರೇಕಿಗಿಂತ ಕೂಲಿ ತೆಗೆದುಕೊಂಡು ನಿಧಾನವಾಗಿ ಕೂರಿಸಿದ ಬ್ರೇಕ್ ಆ ಮಗುವಿಗೆ ಬೇಕಾದದ್ದು. ಇದನ್ನು ಸಂಘದವರಿಗೆ ಹೇಳಲು ನಿಮಗೆ ಕಷ್ಟವಾದರೆ ಈ ಪುಟವನ್ನೇ ತೋರಿಸಿ.