ಗೊಂಬೆಗೆ ಜರ್ಮನ್, ಅಮ್ಮನಿಗೆ ಕನ್ನಡ

ನನಗೆ 32 ವರ್ಷ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಆರು ವರ್ಷ ಪಾಠ ಮಾಡಿದ್ದೇನೆ. ಪತಿಗೆ ಕೆಲಸ ಸಿಕ್ಕಿ ಜುಲೈಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆವು. ಅವರದು ಬ್ಲೂ ಕಾರ್ಡ್, ಹೆಚ್ಚು ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ. ಮಗಳಿಗೆ ಮೂರು ವರ್ಷ ಹತ್ತು ತಿಂಗಳು. ಸೆಪ್ಟೆಂಬರ್‌ನಿಂದ ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಿದ್ದಾಳೆ, ಕಿಟಾ ಅನ್ನುತ್ತಾರೆ. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಅಲ್ಲಿ ಒಂದು ಮಾತೂ ಆಡುವುದಿಲ್ಲವಂತೆ. ಟೀಚರ್ ಕರೆಸಿ ‘ಮನೆಯಲ್ಲೂ ಜರ್ಮನ್ ಮಾತಾಡಿ’ ಎಂದರು. ನನಗೇ ಬರುವುದಿಲ್ಲ. ರಾತ್ರಿ ಗೊಂಬೆಗೆ ಮಾತ್ರ ‘ಹೆಂಡೆ ವಾಷನ್’ ಅಂತೇನೋ ಗದರುತ್ತಾಳೆ. ಅದನ್ನು ಕೇಳಿದರೆ ಇವಳು ನನ್ನ ಮಗುವೇ ಅಲ್ಲವೇನೋ ಅನಿಸುತ್ತದೆ. ಕೆಳಗಿನ ಮನೆಯ ಅಜ್ಜಿ ಒಂದು ದಿನ ನಮ್ಮ ಬಾಗಿಲಿಗೆ ಬೋರ್ಡ್ ತೂಗುಹಾಕಿ ಹೋದರು. ಏನೆಂದು ತಿಳಿಯದೆ ಸುಮ್ಮನಿದ್ದೆ. ವಾರದ ಮೇಲೆ ಬಂದು ಜೋರಾಗಿ ಮಾತಾಡಿದರು. ಈಗ ಅವರ ಹೆಜ್ಜೆ ಸಪ್ಪಳ ಕೇಳಿದರೆ ನಾನು ಮೆಟ್ಟಿಲು ಇಳಿಯುವುದಿಲ್ಲ. ಐದರೊಳಗೆ ಕತ್ತಲು. ಪತಿಯ ಪ್ರೊಬೇಷನ್ ಜನವರಿಗೆ ಮುಗಿಯುತ್ತದೆ, ಅಲ್ಲಿಯವರೆಗೆ ‘ಅಡ್ಜಸ್ಟ್ ಮಾಡ್ಕೋ’ ಅನ್ನುತ್ತಾರೆ. ಅಮ್ಮನಿಗೆ ಏನೂ ಹೇಳಿಲ್ಲ. ವಿಡಿಯೊ ಕಾಲ್‌ನಲ್ಲಿ ಅಳು ಬಂದರೆ ಮೊಬೈಲನ್ನು ಕಿಟಕಿಯ ಕಡೆ ತಿರುಗಿಸಿ ಮರ ತೋರಿಸುತ್ತೇನೆ. ಜನವರಿಯಲ್ಲಿ ಮಗಳನ್ನು ಕರೆದುಕೊಂಡು ಒಂದು ವರ್ಷ ಊರಿಗೆ ಹೋಗಿಬಿಡಲೇ? ಅಲ್ಲೇ ಎಲ್‌ಕೆಜಿಗೆ ಸೇರಿಸುತ್ತೇನೆ.
— ಹೆಸರು ಬೇಡ, ಸ್ಟುಟ್‌ಗಾರ್ಟ್

ಪ್ರಿಯ ತಂಗಿ,

ಮೊದಲು ಗೊಂಬೆಯ ವಿಷಯ. ಜರ್ಮನಿಯಲ್ಲಿ ಹದಿನಾಲ್ಕು ವರ್ಷದಿಂದ ಇರುವ ನನ್ನ ಅಕ್ಕನ ಮಗಳಿಗೆ ಫೋನ್ ಮಾಡಿ ‘ಹೆಂಡೆ ವಾಷನ್’ ಅಂದರೇನು ಎಂದು ಕೇಳಿದೆ. ‘ಕೈ ತೊಳೀರಿ’ ಅಂತಂತೆ. ಊಟಕ್ಕೆ ಮುಂಚೆ ಕಿಟಾದಲ್ಲಿ ಮಕ್ಕಳಿಗೆ ದಿನಾ ಹೇಳುವ ಮಾತು. ನೋಡಿ, ನಿಮ್ಮ ಮಗಳು ಅಲ್ಲಿ ಸುಮ್ಮನೆ ಕೂತಿಲ್ಲ. ಟೀಚರ್ ಆಡಿದ್ದನ್ನೆಲ್ಲ ಕಿವಿಗೆ ಹಾಕಿಕೊಂಡು, ಮನೆಗೆ ತಂದು, ತಪ್ಪಿದರೂ ನಗದವರ ಮುಂದೆ ಅಭ್ಯಾಸ ಮಾಡುತ್ತಿದ್ದಾಳೆ. ನಿಮಗೆ ಎದೆ ಒಡೆಯುವಂತೆ ಕೇಳಿಸಿದ ಆ ಎರಡು ಪದವೇ ನಿಮ್ಮ ಇಡೀ ಪತ್ರದಲ್ಲಿ ನನಗೆ ಕಂಡ ಅತ್ಯಂತ ಸಮಾಧಾನದ ಸಂಗತಿ.

ಗೊತ್ತಿಲ್ಲದ ಭಾಷೆಯ ನಡುವೆ ಹೋದ ಮಕ್ಕಳು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಬಾಯಿ ಬಿಡದೆ ಬರೀ ಕೇಳಿಸಿಕೊಳ್ಳುತ್ತಾರೆ. ಮಕ್ಕಳ ಭಾಷೆಯ ಬಗ್ಗೆ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ, ‘ಮೌನದ ಅವಧಿ’ ಅನ್ನುತ್ತಾರೆ. ಮನೆಯಲ್ಲಿ ಅವಳು ಮೊದಲಿನಂತೆ ಕನ್ನಡ ಮಾತಾಡುತ್ತಾ, ಕಿಟಾದಲ್ಲಿ ಕೈಸನ್ನೆ ಮಾಡಿ, ಆಟಕ್ಕೆ ಸೇರುತ್ತಿದ್ದರೆ ಕಾಯಬಹುದು. ಆದರೂ ಒಂದು ಕೆಲಸ ಮಾಡಿ. 46ರಿಂದ 48ನೇ ತಿಂಗಳ ನಡುವೆ ಅಲ್ಲಿನ ಮಕ್ಕಳ ಡಾಕ್ಟರ ಹತ್ತಿರ ‘ಯು8’ ಎಂಬ ತಪಾಸಣೆ ಇರುತ್ತದೆ. ನಿಮ್ಮ ಮಗಳಿಗೆ ಸರಿಯಾಗಿ ಈಗ ಬಂದಿದೆ. ಅದರಲ್ಲಿ ಕಿವಿಯನ್ನೂ ನೋಡುತ್ತಾರೆ, ಮಾತನ್ನೂ ನೋಡುತ್ತಾರೆ. ಶಿಶುವಿಹಾರದಲ್ಲಿ ಮಾತಾಡುವುದಿಲ್ಲ ಎಂದು ಅವರಿಗೆ ಹೇಳಿ. ಬೇಸಿಗೆಯವರೆಗೂ ಹೀಗೇ ಇದ್ದರೆ ಮತ್ತೆ ತೋರಿಸಿ.

ಟೀಚರ್ ಹೇಳಿದ್ದನ್ನು ಮಾತ್ರ ಕೇಳಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅದು ಸರಿಯಲ್ಲ. ತಾಯಿಗೆ ಬಾರದ ಭಾಷೆಯನ್ನು ತಾಯಿಯಿಂದ ಕಲಿತು ಮಗುವಿಗೆ ಏನು ಸಿಗುತ್ತದೆ? ನಾಲ್ಕು ಹರಕು ವಾಕ್ಯ. ನಿಮ್ಮ ಕನ್ನಡದಲ್ಲಿ ಅವಳಿಗೆ ಕಥೆ ಸಿಗುತ್ತದೆ, ಜಗಳ ಸಿಗುತ್ತದೆ, ‘ಯಾಕೆ’ ಎಂಬ ಪ್ರಶ್ನೆಗೆ ಉದ್ದದ ಉತ್ತರ ಸಿಗುತ್ತದೆ. ಒಂದು ಭಾಷೆ ಗಟ್ಟಿಯಾದರೆ ಅದರ ಹೆಗಲ ಮೇಲೆ ಇನ್ನೊಂದು ಹತ್ತುತ್ತದೆ. ಜರ್ಮನ್ ಕಲಿಸಲು ಅಲ್ಲಿ ಇಡೀ ಕಿಟಾ ಇದೆ, ಕನ್ನಡಕ್ಕೆ ನೀವಿಬ್ಬರೇ. ಇವತ್ತು ರಾತ್ರಿ ಅವಳು ಗೊಂಬೆಗೆ ಗದರುವಾಗ ಪಕ್ಕದಲ್ಲಿ ಹೋಗಿ ಕುಳಿತು, ನಿಮ್ಮ ಕೈಯನ್ನೂ ಚಾಚಿ, ‘ನನ್ನ ಕೈನೂ ತೊಳೀಬೇಕಾ?’ ಎಂದು ಕನ್ನಡದಲ್ಲಿ ಕೇಳಿ ನೋಡಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಗಳ ಮೌನದ ಬಗ್ಗೆ ಬರೆದಿದ್ದೀರಿ, ಆದರೆ ಆ ಮನೆಯಲ್ಲಿ ನಿಜವಾಗಿ ಮಾತು ಕಳೆದುಕೊಂಡಿರುವವರು ನೀವು. ಅರವತ್ತು ಹುಡುಗರ ಕ್ಲಾಸನ್ನು ಒಂದು ಸೀಮೆಸುಣ್ಣ ಹಿಡಿದು ಸುಮ್ಮನಿರಿಸುತ್ತಿದ್ದ ಮೇಡಂ, ಈಗ ಒಬ್ಬ ಅಜ್ಜಿಯ ಹೆಜ್ಜೆಗೆ ಹೆದರಿ ಬಾಗಿಲ ಹಿಂದೆ ನಿಲ್ಲುತ್ತಿದ್ದೀರಿ. ಇದು ಎಷ್ಟು ಕಷ್ಟ ಎಂಬುದು ನನಗೆ ಸ್ವಲ್ಪ ಗೊತ್ತು. ನಾನು ಧಾರವಾಡದವಳು, ಮದುವೆಯಾಗಿ ಉಡುಪಿಗೆ ಬಂದೆ. ಮನೆ ತುಂಬ ತುಳು. ಊಟಕ್ಕೆ ಕೂತಾಗ ಎಲ್ಲರೂ ನಕ್ಕರೆ ನಾನೂ ನಗುತ್ತಿದ್ದೆ, ಯಾವುದಕ್ಕೆ ಎಂದು ತಿಳಿಯದೆ. ಆಮೇಲೆ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದೆ. ರಥಬೀದಿಯಲ್ಲಿ ಮಲ್ಲಿಗೆ ಮಾರುತ್ತಿದ್ದ ಒಬ್ಬ ಹೆಂಗಸು ನನ್ನನ್ನು ಬದುಕಿಸಿದಳು. ಕನ್ನಡ ಬರುತ್ತಿತ್ತು ಅವಳಿಗೆ, ಆದರೆ ನನ್ನ ಹತ್ತಿರ ಆಡಲೇ ಇಲ್ಲ. ‘ಏತ್ ಬೋಡು?’ ಅನ್ನುವಳು, ಎಷ್ಟು ಬೇಕು ಅಂತ. ನಾನು ಬೆರಳು ತೋರಿಸಿದರೆ ಹೂವಿನ ಮೇಲೆ ಕೈ ಇಟ್ಟುಕೊಂಡು ಕೂರುವಳು. ‘ಒಂಜಿ’ ಎಂದು ನಾನು ಬಾಯಿಬಿಟ್ಟ ಮೇಲೇ ಬಾಳೆಲೆಯಲ್ಲಿ ಕಟ್ಟಿಕೊಡುವಳು. ಬಂದು ವರ್ಷವಾಗುವಷ್ಟರಲ್ಲಿ ಅತ್ತೆಯ ಜೊತೆ ತುಳುವಿನಲ್ಲಿ ಜಗಳವಾಡುವಷ್ಟಾದೆ. ಅವತ್ತು ಅತ್ತೆಗೂ ಖುಷಿಯಾಗಿತ್ತು.

ನಿಮ್ಮ ಕೆಳಗಿನ ಮನೆಯ ಅಜ್ಜಿ ಅಂಥವರಾಗಬಹುದು. ಅವರು ತೂಗುಹಾಕಿದ ಬೋರ್ಡ್ ಅವಮಾನದ್ದಲ್ಲ. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಹಳೆಯ ಪದ್ಧತಿ ಇದೆ, ಗುಡಿಸುವ ವಾರ ಎಂದರ್ಥ. ಕಟ್ಟಡದ ಮನೆಗಳವರು ಸರದಿಯಂತೆ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಲ್ಲಿ ಬೋರ್ಡ್ ಇರುತ್ತದೆ, ಮುಗಿದ ಮೇಲೆ ಮುಂದಿನ ಮನೆಗೆ ದಾಟಿಸಬೇಕು. ನಿಮ್ಮಲ್ಲಿಗೆ ಬಂದದ್ದು ದಾಟಲಿಲ್ಲ, ಅದಕ್ಕೇ ಬಂದು ಕೂಗಿದ್ದಾರೆ. ಬೆಳಿಗ್ಗೆ ಎದ್ದು ಹೊಸ್ತಿಲು ಸಾರಿಸಿ ರಂಗೋಲಿ ಹಾಕುವ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಾಳೆ ಬಕೆಟ್ಟು ಹಿಡಿದು ಅವರ ಬಾಗಿಲು ತಟ್ಟಿ. ‘ಬಿಟ್ಟೆ, ತ್ಸೈಗನ್ ಜೀ ಮೀರ್ ದಾಸ್’ ಅನ್ನಿ, ದಯವಿಟ್ಟು ಇದನ್ನು ತೋರಿಸಿಕೊಡಿ ಎಂದು. ಕಾಗದದ ಮೇಲೆ ಬರೆದುಕೊಂಡು ಹೋದರೂ ಆದೀತು. ಅವರು ಸಿಡುಕಿನವರೇ ಆಗಿರಬಹುದು. ಆಗ ಒಂದು ವಾಕ್ಯ ಕಲಿತು, ಮೆಟ್ಟಿಲು ಒರೆಸಿ, ವಾಪಸ್ ಬರುತ್ತೀರಿ.

ಇನ್ನು ನಿಮ್ಮ ಜರ್ಮನ್. ಆ್ಯಪ್‌ನಲ್ಲಿ ಒಬ್ಬರೇ ಕೂತು ಕಲಿಯಬೇಡಿ, ತರಗತಿಗೇ ಹೋಗಿ. ಸರ್ಕಾರದ ಇಂಟಿಗ್ರೇಷನ್ ಕೋರ್ಸ್‌ನಲ್ಲಿ 600 ಪೀರಿಯಡ್ ಭಾಷೆ, 100 ಪೀರಿಯಡ್ ಆ ದೇಶದ ಪರಿಚಯ ಇರುತ್ತದೆ. ನಿಮಗೆ ಅದು ಸಿಗುತ್ತದೆಯೇ ಎಂದು ವಿದೇಶಿಯರ ಕಚೇರಿಯಲ್ಲಿ ಕೇಳಿ. ಇಲ್ಲವೆಂದರೆ ಊರಿನ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ದೊಡ್ಡವರು ಕಲಿಯುವ ಶಾಲೆಯಲ್ಲಿ, ಬೆಳಗಿನ ತರಗತಿಗೆ ಸೇರಿ. ಮಗಳು ಕಿಟಾದಲ್ಲಿರುವ ಹೊತ್ತು ನಿಮ್ಮದಾಗಲಿ. ಆ ಬೆಂಚಿನಲ್ಲಿ ನಿಮ್ಮ ಹಾಗೇ ತಡವರಿಸುವ ಹತ್ತು ದೇಶದವರು ಇರುತ್ತಾರೆ.

ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿ ಅಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು, ಬೇರೆ ಅನುಮತಿ ಬೇಕಿಲ್ಲ. ಶಾಲಾ ಟೀಚರ್ ಆಗುವ ದಾರಿ ಮಾತ್ರ ಉದ್ದ. ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು, ಜರ್ಮನ್ ತುಂಬ ಮೇಲ್ಮಟ್ಟದ್ದಿರಬೇಕು. ಇದನ್ನು ಈಗಲೇ ಹೇಳುತ್ತಿದ್ದೇನೆ, ಎರಡು ವರ್ಷದ ಮೇಲೆ ಬೇಸರವಾಗಬಾರದು ಎಂದು. ಆದರೆ ನಿಮ್ಮ ಕೈಯಲ್ಲಿ ರಸಾಯನಶಾಸ್ತ್ರ ಇದೆ, ಲ್ಯಾಬಿನ ಬಾಗಿಲು ಬೇರೆಯೇ. ವಿದೇಶಿ ಪದವಿಯನ್ನು ಅಲ್ಲಿನ ಪದವಿಗೆ ಹೋಲಿಸಿ ಸರ್ಟಿಫಿಕೇಟ್ ಕೊಡುವ ಕೇಂದ್ರ ಕಚೇರಿ ಬಾನ್ ನಗರದಲ್ಲಿದೆ. ಅರ್ಜಿ ಈಗಲೇ ಹಾಕಿಡಿ.

ನಿಮ್ಮ ಯಜಮಾನರಿಗೂ ಎರಡು ಮಾತು, ಈ ಪತ್ರವನ್ನು ಅವರಿಗೆ ಓದಲು ಕೊಡಿ. ತಮ್ಮಾ, ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ. ಕೆಲಸ ಹೋದರೆ ಮೂವರ ಕಾಗದಪತ್ರವೂ ಅಲುಗಾಡುತ್ತದೆ, ಆ ಭಾರ ನಿನ್ನೊಬ್ಬನ ಮೇಲಿದೆ. ಆದರೆ ಟೀಚರ್ ಕರೆಸಿದ ದಿನ ಭಾಷೆ ಬಾರದ ಹೆಂಡತಿಯನ್ನು ಒಬ್ಬಳೇ ಕಳಿಸಿದ್ದು ತಪ್ಪು. ಮುಂದಿನ ಸಲ ನೀನು ಹೋಗಬೇಕು. ಜರ್ಮನ್ ನಿನಗೂ ಬೇಕು. ಭಾಷೆಯಲ್ಲಿ ಬಿ1, ಅಂದರೆ ಮಧ್ಯಮ ಮಟ್ಟ ಮುಟ್ಟಿದರೆ ಬ್ಲೂ ಕಾರ್ಡ್‌ನವರು 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು, ಎ1, ಅಂದರೆ ಆರಂಭದ ಮಟ್ಟ ಮಾತ್ರ ಇದ್ದರೆ 27 ತಿಂಗಳು. ವಾರಕ್ಕೆ ಎರಡು ಸಂಜೆ ಆರಕ್ಕೆ ಮನೆಗೆ ಬಾ, ಮಗಳ ಊಟ, ಸ್ನಾನ, ಕಥೆ ನಿನ್ನದು. ಅವಳು ಪುಸ್ತಕ ಹಿಡಿದು ಹೊರಗೆ ಹೋಗಲಿ.

ಊರಿಗೆ ಹೋಗುವುದು ಸೋಲಲ್ಲ. ಆದರೆ ಬಂದ ಮೊದಲ ಚಳಿಗಾಲದ ಕತ್ತಲಲ್ಲಿ ಕೂತು ಒಂದು ವರ್ಷದ ನಿರ್ಧಾರ ಮಾಡಬೇಡಿ. ದೇಶ ಬಿಟ್ಟು ಆರು ತಿಂಗಳಾದರೆ ಸಾಮಾನ್ಯವಾಗಿ ಅಲ್ಲಿನ ವಾಸದ ಪರವಾನಗಿ ರದ್ದಾಗುತ್ತದೆ. ಬ್ಲೂ ಕಾರ್ಡ್ ಕುಟುಂಬಕ್ಕೆ ಹನ್ನೆರಡು ತಿಂಗಳ ಅವಕಾಶವಿದೆ, ಆದರೆ ಕಾಯಮ್ಮಾಗಿ ಹೊರಟಿರಿ ಎಂದು ಕಂಡರೆ ಆ ಲೆಕ್ಕವೂ ನಿಲ್ಲುವುದಿಲ್ಲ. ನಿಮ್ಮ ‘ಒಂದು ವರ್ಷ’ ಅಂಚಿನಲ್ಲಿ ನಿಂತಿದೆ. ಕಿಟಾದ ಸೀಟೂ ಕಾಯುವುದಿಲ್ಲ. ಇನ್ನೇನು ಬಾಯಿ ಬಿಡುವುದರಲ್ಲಿರುವ ಮಗು ದಾವಣಗೆರೆಯಲ್ಲಿ ಹೊಸ ಕ್ಲಾಸಿಗೆ ಹೊಂದಿಕೊಂಡು, ವಾಪಸ್ ಬಂದು ಮತ್ತೆ ಮೊದಲಿನಿಂದ ಕೇಳಿಸಿಕೊಳ್ಳಬೇಕು. ಯುಗಾದಿಗೆ ಹೋಗಿ, ನಾಲ್ಕು ವಾರಕ್ಕೆ, ವಾಪಸ್ ಟಿಕೆಟ್ ತೆಗೆದುಕೊಂಡು. ಮುಂದಿನ ಸೆಪ್ಟೆಂಬರ್‌ಗೆ ನಾಲ್ಕೂ ಋತು ಕಂಡಿರುತ್ತೀರಿ. ಆಗಲೂ ಊರೇ ಬೇಕೆನಿಸಿದರೆ ಮೂವರೂ ಕೂತು ಮಾತಾಡಿ, ಆ ನಿರ್ಧಾರದ ಪರವಾಗಿ ನಾನೇ ನಿಲ್ಲುತ್ತೇನೆ.

ಅಲ್ಲಿಯವರೆಗೆ ದಿನಾ ಮಧ್ಯಾಹ್ನದ ಬೆಳಕಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯಿರಿ. ನಿದ್ದೆ ಬಾರದೆ, ಊಟ ಸೇರದೆ, ಬೆಳಿಗ್ಗೆ ಏಳಲೇ ಮನಸ್ಸಾಗದೆ ಎರಡು ವಾರ ಕಳೆದರೆ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಲೇಬೇಕು. ಇಂಗ್ಲಿಷ್‌ನಲ್ಲಿ ಹೇಳಿದರೂ ಸಾಕು.

ಅಮ್ಮನಿಗೆ ನಿಜ ಹೇಳಿ. ಮಗಳನ್ನು ಮಲಗಿಸಿ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಚಳಿಗಾಲದಲ್ಲಿ ಊರಲ್ಲಿ ಹನ್ನೆರಡೂವರೆ, ಅವರು ನಿದ್ದೆಗಣ್ಣಲ್ಲಿ ಏನು ಕೇಳಿಸಿಕೊಂಡಾರು? ಮಗುವನ್ನು ಬಿಟ್ಟುಬಂದು ಬೆಳಿಗ್ಗೆ ಒಂಬತ್ತಕ್ಕೆ ಮಾಡಿ. ಅಲ್ಲಿ ಒಂದೂವರೆ, ಊಟ ಮುಗಿದಿರುತ್ತದೆ. ಮೊಬೈಲನ್ನು ಕಿಟಕಿಯ ಕಡೆ ತಿರುಗಿಸಬೇಡಿ. ನಿಮ್ಮ ಮುಖ ನೋಡಲಿ ಅವರು. ಮರ ನೋಡಿ ನಿಮ್ಮಮ್ಮ ಮೋಸ ಹೋಗಿರುತ್ತಾರೆ ಎಂದು ನನಗಂತೂ ಅನಿಸುವುದಿಲ್ಲ.

ಮತ್ತೆ ಬರೆಯಿರಿ. ಇಷ್ಟೆಲ್ಲ ಬರೆದು ಆ ಗೊಂಬೆಯ ಹೆಸರನ್ನೇ ಬರೆದಿಲ್ಲ ನೀವು. ಮಗಳನ್ನು ಕೇಳಿ ತಿಳಿಸಿ.