ಲೂಪಸ್ ಆಂಟಿಕೊಆಗ್ಯುಲಂಟ್: ಎರಡು ವರದಿ, ಯಾವುದು ಸರಿ?

ಲೂಪಸ್ ಆಂಟಿಕೊಆಗ್ಯುಲಂಟ್ ಎಂದರೆ ರಕ್ತ ಗರಣೆ ಕಟ್ಟುವ ಅಪಾಯ ಹೆಚ್ಚಿಸುವ ಪ್ರತಿಕಾಯಗಳು (ಆಂಟಿಬಾಡಿ). ಅದರ ಪರೀಕ್ಷೆಗೆ ಶಿರಸಿಯಲ್ಲಿ ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದಾಗ ನಿಮ್ಮ ತಂಗಿಗೆ ನೆಗೆಟಿವ್, ಹುಬ್ಬಳ್ಳಿಯಲ್ಲೇ ಹೋಗಿ ಕೊಟ್ಟಾಗ ಪಾಸಿಟಿವ್. ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ನನಗೆ ಹೆಚ್ಚು ಅನುಮಾನ ಇರುವುದು ಮೊದಲನೆಯದರ ಮೇಲೆ.

ನೀಲಿ ಮುಚ್ಚಳದ ಸಿಟ್ರೇಟ್ (ರಕ್ತ ಗರಣೆ ಕಟ್ಟದಂತೆ ತಡೆಯುವ ದ್ರಾವಣ) ಟ್ಯೂಬು ಗೆರೆಯವರೆಗೆ ತುಂಬಿರಬೇಕು: ರಕ್ತ 9 ಪಾಲು, ಸಿಟ್ರೇಟ್ 1 ಪಾಲು. 4 ತಾಸಿನೊಳಗೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ), ಪ್ಲಾಸ್ಮಾ (ರಕ್ತದ ತಿಳಿ ದ್ರವ) ಮಾತ್ರ ಬೇರ್ಪಡಿಸಿ, ಫ್ರೀಜ್ ಮಾಡಿಯೇ ಕಳಿಸಬೇಕು. ಒಂದೇ ಸಲ ತಿರುಗಿಸಿದರೆ ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್ ಉಳಿಯುತ್ತವೆ. ಫ್ರೀಜ್ ಆಗಿ ಕರಗುವಾಗ ಅವು ಒಡೆದು ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಶ ಹೊರಬರುತ್ತದೆ, ಪ್ರತಿಕಾಯಗಳು ಅದಕ್ಕೇ ಅಂಟಿಕೊಳ್ಳುತ್ತವೆ, ವರದಿ ಸುಳ್ಳು ನೆಗೆಟಿವ್ ಆಗುತ್ತದೆ. ಅಲ್ಲಿ ಎಷ್ಟು ಸಲ ತಿರುಗಿಸುತ್ತಾರೆ ಎಂದು ಲ್ಯಾಬಿನವರನ್ನು ನೇರವಾಗಿ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ಎರಡನೆಯದನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಆಗ ರಕ್ತ ಗರಣೆ ಕಟ್ಟದಂತೆ ತಡೆಯುವ ಔಷಧಗಳಾದ ರಿವರಾಕ್ಸಬಾನ್, ವಾರ್ಫರಿನ್ ಅಥವಾ ಹೆಪಾರಿನ್ ನಡೆಯುತ್ತಿತ್ತೇ? ರಿವರಾಕ್ಸಬಾನ್ ಇದ್ದರೆ ಸುಳ್ಳು ಪಾಸಿಟಿವ್ ಬರುವುದು ಸಾಮಾನ್ಯ. ಔಷಧದ ಹೆಸರು, ಕೊನೆಯ ಗುಳಿಗೆ ತೆಗೆದುಕೊಂಡ ಹೊತ್ತು ಎರಡನ್ನೂ ಚೀಟಿಯ ಮೇಲೆ ಬರೆಸಿ. ಪರೀಕ್ಷೆಗೋಸ್ಕರ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಮತ್ತೆ ರಕ್ತ ಗರಣೆ ಕಟ್ಟುವ ಅಪಾಯವಿದೆ.

ಇದೇ ಗುಂಪಿನ ಇನ್ನೆರಡು ಪ್ರತಿಕಾಯ ಪರೀಕ್ಷೆಗಳಾದ ಆಂಟಿಕಾರ್ಡಿಯೊಲಿಪಿನ್ ಮತ್ತು ಬೀಟಾ-2 ಗ್ಲೈಕೊಪ್ರೊಟೀನ್-1, ಎರಡರಲ್ಲೂ ಐಜಿಜಿ, ಐಜಿಎಂ (ಪ್ರತಿಕಾಯದ ಎರಡು ಬಗೆ) ಮಾಡಿಸಿ. ಈ ಔಷಧಗಳಿಂದ ಅವು ಕೆಡುವುದಿಲ್ಲ. ಯಾವುದೇ ಪಾಸಿಟಿವ್ ಬಂದರೂ ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ ನೋಡಲೇಬೇಕು. ಜ್ವರ, ಸೋಂಕಿನ ನಂತರ ಕೆಲಕಾಲ ಬಂದು ಹೋಗುವುದೂ ಉಂಟು. ಎರಡೂ ವರದಿಯನ್ನು ಒಟ್ಟಿಗೇ ರುಮಟಾಲಜಿ (ಸಂಧಿವಾತ, ಲೂಪಸ್‌ನಂಥ ರೋಗಗಳ) ವೈದ್ಯರಿಗೆ ತೋರಿಸಿ.